ಮಧ್ಯಾಹ್ನದ ಕಿಂಡಿ

ಜುಲೈ 3, ಸೋಮವಾರ. ಬೆಳಿಗ್ಗೆ

ಕೋರ್ಟು ತೊಡಿಸಿದ ಕಾಲ್ಪಟ್ಟಿ ಚಾರ್ಜಿಗೆ ಹಾಕಿಕೊಂಡು ಕೂತಿದ್ದೇನೆ. ಎರಡು ಗಂಟೆ ಅಲ್ಲಾಡುವಂತಿಲ್ಲ. ವೈರು ಒಂದು ಮಾರು ಉದ್ದ. ಮಾಟೆ ಸೊಪ್ಪಿನ ಕಷಾಯ ಕುಡಿಯುವ ಸೋರೆಬುರುಡೆ ಕೈಗೆಟಕುತ್ತದೆ, ಬಿಸಿನೀರಿನ ಫ್ಲಾಸ್ಕ್ ಎಟಕುವುದಿಲ್ಲ. ದಿನಾ ಕೂತ ಮೇಲೇ ಇದು ನೆನಪಾಗುವುದು.

ಪಕ್ಕದ ಕೋಣೆಯಲ್ಲಿ ನೆಲೀ ಕೆಲಸ ಶುರು ಮಾಡಿದ್ದಾಳೆ. ತೊದಲುವ ಮಕ್ಕಳಿಗೆ ವಿಡಿಯೋದಲ್ಲಿ ಮಾತು ತಿದ್ದುತ್ತಾಳೆ ಅಕ್ಕ. ಇವತ್ತಿನ ಮಗುವಿಗೆ ರ-ಕಾರ ಹೊರಳುವುದಿಲ್ಲ. 'ಫೆರ್ರೋಕಾರ್ರಿಲ್' ಅನ್ನು, 'ಫೆರ್ರೋಕಾರ್ರಿಲ್'... ಅಂದರೆ ರೈಲು. ಬೆಳಗಿನಿಂದ ಈ ಮನೆಯೊಳಗೆ ಅದು ಹೊರಡುತ್ತಲೇ ಇದೆ, ಎಲ್ಲಿಗೂ ಮುಟ್ಟುತ್ತಿಲ್ಲ.

ಜೈಲಿನಿಂದ ಅಕ್ಕನ ಈ ಮನೆಗೆ ಬಂದು ಐವತ್ತೆರಡು ದಿನ. ಇನ್ನು ಎಂಟು ತಿಂಗಳು. ಊಟದ ಕೋಣೆಯಲ್ಲಿ ನನ್ನ ಮಂಚ, ಅಲ್ಲಿಂದ ಗೇಟಿಗೆ ಹನ್ನೊಂದು ಹೆಜ್ಜೆ. ಹತ್ತನೆಯದಕ್ಕೆ ಕಾಲ್ಪಟ್ಟಿ ಗುಂಯ್ ಅನ್ನುತ್ತದೆ. ನದಿ ನಾಲ್ಕು ಬೀದಿಯಾಚೆ. ಹಡಗು ಕೂಗಿದರೆ ಕೇಳುತ್ತದೆ. ನೋಡಿಲ್ಲ.

ಜುಲೈ 6, ಗುರುವಾರ

ಲೇಯ್ವಾ ಮೇಡಂ ಬಂದಿದ್ದರು. ಮನೆಸೆರೆಯವರನ್ನು ಹದಿನೈದು ದಿನಕ್ಕೊಮ್ಮೆ ನೋಡಿ ಹೋಗುವ ಅಧಿಕಾರಿ. ಯಾವಾಗಲೂ ಕೋಟು ಬಿಚ್ಚದೆ ಕೂರುತ್ತಾರೆ. ಇವತ್ತು ಕೂತವರೇ ಗೋಡೆಯ ಮೂಲೆಯಲ್ಲಿ ಮಿಣುಕುತ್ತಿದ್ದ ಮೋಡೆಮ್ ಕಡೆ ಬೆರಳು ತೋರಿಸಿದರು.

"ಇದು ಮನೇಲಿದೆ. ಇವರು ಇಂಟರ್ನೆಟ್ ಮುಟ್ಟೋ ಹಾಗಿಲ್ಲ ಅಂತ ಆದೇಶದಲ್ಲಿದೆ. ಎರಡೂ ಒಂದೇ ಸೂರಿನಡಿ ಹೇಗೆ, ಹೇಳಿ."

"ನಾನು ಹೊಟ್ಟೆ ಹೊರೆಯೋದೇ ಅದರಿಂದ, ಮೇಡಂ," ಅಂದಳು ನೆಲೀ. "ಪಾಸ್‌ವರ್ಡ್ ಇವನಿಗೆ ಕೊಟ್ಟಿಲ್ಲ."

ಲೇಯ್ವಾ ನನ್ನ ಮುಖ ನೋಡಿ ನಕ್ಕರು. "ಇವರಿಗೆ ಪಾಸ್‌ವರ್ಡ್ ಬೇಕಾ? ಫೈಲ್ ನಾನೂ ಓದಿದೀನಿ. ನೋಡಿ, ಇವರ ಕೈಗೆ ಸಿಗಲ್ಲ ಅಂತ ನನಗೆ ನಂಬಿಕೆ ಬರೋ ಥರ ಏನಾದ್ರೂ ಮಾಡಿ. ಆಗಲ್ಲ ಅಂದ್ರೆ ಈ ಲೈನ್ ಹೋಗಬೇಕು, ಇಲ್ಲಾ ಇವರು ಹೋಗಬೇಕು. ಇವರಿಗೆ ಜವಾಬ್ದಾರಿ ಅಂತ ಸಹಿ ಹಾಕಿರೋದು ನೀವು, ನೆನಪಿರಲಿ."

ಅವರು ಹೋದ ಮೇಲೆ ನೆಲೀ ಕೇಳಿದಳು, "ಅಂಥದ್ದನ್ನ ಮಾಡಿಕೊಡೋರು ಯಾರಿದಾರೆ ಊರಲ್ಲಿ?"

ಈ ಪರಾನಾ ಊರಲ್ಲಿ ಇಪ್ಪತ್ತು ವರ್ಷ ಆ ಕೆಲಸ ಮಾಡಿದವನು ನಾನೇ.

ಫೈಲಿನಲ್ಲಿ ಏನಿದೆ ಎಂದು ಒಂದೇ ಸಲ ಬರೆದುಬಿಡುತ್ತೇನೆ. ನಮ್ಮ ಮನೆಯ ರೂಟರ್ ನೋಡಿಕೊಳ್ಳುತ್ತಿದ್ದವನು ನಾನು. ನೋಡಿದೆ. ಅನಾಲಿಯಾ ಯಾರಿಗೆ ಏನು ಬರೆಯುತ್ತಾಳೆ ಎಂದು ಗಂಡನಾದವನಿಗೆ ತಿಳಿಯಬಾರದೇ? ನ್ಯಾಯಾಧೀಶೆ ಅದಕ್ಕೆ ಬೇರೆ ಹೆಸರಿಟ್ಟರು. ಬಳಿ ಸುಳಿಯಬೇಡ ಅಂದ ಮೇಲೆ ಅವಳ ಆಫೀಸಿನೆದುರು ಎರಡು ಸಲ ನಿಂತೆ. ಅದಕ್ಕೆ ಜೈಲು, ನಂತರ ಇದು. ಮಗಳು ಲೂಪೆಗೆ ಹದಿನೈದು. ಅವಳಿಗೂ ಬರೆಯಬಾರದು, ಕರೆಯಬಾರದು. ಅವಳಿಗೆ ನಾನೇನು ಮಾಡಿದ್ದೆ?

ಜುಲೈ 8, ಶನಿವಾರ

ಮೋಡೆಮ್‌ಗೆ ಕಾವಲು ಕೂರಿಸಲು ನೆಲೀಯ ಗ್ಯಾರೇಜಿನಲ್ಲಿದ್ದ ಹಳೆಯ ಕಂಪ್ಯೂಟರ್ ಎತ್ತಿ ತಂದೆ. ಧೂಳು ಕೊಡವಿ ಹಚ್ಚಿದೆ. ಕೆಲಸ ಮಾಡುತ್ತದೆ, ಆದರೆ ಫ್ಯಾನ್ ಹಿಟ್ಟಿನ ಗಿರಣಿ. ಎಪ್ಪತ್ತು ವ್ಯಾಟ್ ನುಂಗುತ್ತದೆ, ಕೋಣೆಯೂ ಬಿಸಿ. ಜುಲೈಯ ಈ ಚಳಿಗಾಲಕ್ಕೆ ಒಳ್ಳೆಯದೇ ಅಂದೆ. ನೆಲೀ ನಗಲಿಲ್ಲ. ಅವಳ ಮೈಕಿನಲ್ಲಿ ಆ ಸದ್ದೆಲ್ಲ ಹೋಗುತ್ತದಂತೆ. ಪಾಠದ ನಡುವೆ ಒಂದು ಮಗು ಕೇಳಿತಂತೆ, "ಟೀಚರ್, ನೀವು ವಿ-ವಿ-ವಿಮಾನದಲ್ಲಿದೀರಾ?"

ಅಂದರೆ ಬೇಕಾದದ್ದು ಇದು. ಫ್ಯಾನ್ ಇರಬಾರದು. ಹತ್ತು ವ್ಯಾಟ್ ಮೀರಬಾರದು. ವರ್ಷಗಟ್ಟಲೆ ಹಚ್ಚಿಯೇ ಇಟ್ಟರೂ ತಲೆ ಕೆಡಬಾರದು. ಹಿಂದೆ ನೆಟ್ ವೈರು ಚುಚ್ಚುವ ಎರಡು ಲ್ಯಾನ್ ಕಿಂಡಿ, ಒಂದರಲ್ಲಿ ಹೊರಗಿನ ಲೋಕ, ಇನ್ನೊಂದರಲ್ಲಿ ಮನೆ. ನಡುವೆ ಅದು ಕೂತು ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಬೇಕು.

ಬಹಳ ದಿನದ ಮೇಲೆ ಖುಷಿಯಾಯಿತು ಇದನ್ನು ಬರೆಯುವಾಗ. ನಾಚಿಕೆ ಇಲ್ಲ ನನಗೆ.

ಜುಲೈ 11, ಮಂಗಳವಾರ

ನಾನು ನೆಟ್ ನೋಡುವಂತಿಲ್ಲ. ನೆಲೀ ಹಳೇ ಸಾಮಾನಿನ ಜಾಹೀರಾತು ಓದುತ್ತಾಳೆ, ನಾನು ಗೋಡೆಯ ಕಡೆ ಮುಖ ಮಾಡಿ ಕೇಳುತ್ತೇನೆ.

"ಇಸ್ಪೀಟು ಎಲೆಯಷ್ಟು ಪುಟ್ಟ ಬೋರ್ಡು. ಮುದ್ದಾಗಿದೆ."

"ಅದು ಬೇಡ. ಒಂದೇ ಕಿಂಡಿ. ಮೆಮೊರಿ ಕಾರ್ಡ್ ಮೇಲೆ ನಡೆಯುತ್ತೆ, ವರ್ಷದಲ್ಲಿ ಕೈ ಕೊಡುತ್ತೆ."

"ಇದು ಹೊಸದು. ನಾಲ್ಕು ಕಿಂಡಿ. ಇದೇ ಕೆಲಸಕ್ಕೆ ಅಂತಾನೇ ಮಾಡಿದ್ದಂತೆ." ಬೆಲೆ ಮನಸ್ಸಿನಲ್ಲೇ ಓದಿಕೊಂಡು ಮುಂದಿನದಕ್ಕೆ ಹೋದಳು. "ಇದು ಉದ್ದಕ್ಕೆ... ಡಿಕ್ಷನರಿ ಥರ ಇದೆ. ಮೇಲೆಲ್ಲ ಮೀನಿನ ಕಿವಿರು."

"ಕಿವಿರು ಅಲ್ಲ, ಹೀಟ್‌ಸಿಂಕ್. ಬಿಸಿಯನ್ನ ಹಾಗೇ ಗಾಳಿಗೆ ಬಿಡುತ್ತೆ. ಹಿಂಭಾಗದ ಫೋಟೋ ಇದೆಯಾ? ಚೌಕ ಕಿಂಡಿ ಎಷ್ಟು?"

"ನೀಲಿದೂ ಇದೆ, ಬಿಳಿದೂ ಇದೆ, ಎಷ್ಟೊಂದು ತೂತು... ಫೆರ್ಮೀನ್, ನನಗೆ ಬಾಯೊಳಗಿನದು ಮಾತ್ರ ಗೊತ್ತಾಗೋದು. ಕೆಸ್ಲರನ್ನ ಕರೀತೀನಿ."

ಜುಲೈ 14, ಶುಕ್ರವಾರ

ಕೆಸ್ಲರ್ ಬಂದ. ಮಾರ್ಕೆಟ್ ಹತ್ತಿರ ರಿಪೇರಿ ಅಂಗಡಿಯ ಮುದುಕ. ಅಜ್ಜಂದಿರು ರಷ್ಯಾದ ವೋಲ್ಗಾ ನದಿ ಕಡೆಯಿಂದ ಬಂದ ಜರ್ಮನರು, ಅದಕ್ಕೇ ಊರೆಲ್ಲ 'ರಷ್ಯನ್' ಅನ್ನುತ್ತದೆ. ಕಿತ್ತಳೆ ಹಣ್ಣಿನ ಪೆಟ್ಟಿಗೆಯಲ್ಲಿ ಮೂರು ಯಂತ್ರ ಹೊತ್ತು ತಂದಿದ್ದ. ಮೊದಲು ನನ್ನ ಕಾಲು ನೋಡಿದ, ಆಮೇಲೆ ಮುಖ.

"ಜಿಲ್ಲೆಗೆಲ್ಲ ನೆಟ್ ಹಂಚಿದವನು, ಈಗ ನಿನಗೇ ಬೀಗ ಹುಡುಕ್ತಿದೀಯಲ್ಲಪ್ಪ."

"ಬೀಗ ಚೆನ್ನಾಗಿರಬೇಕು ದೋನ್ ಕೆಸ್ಲರ್. ಕಳ್ಳನ ಗುಣ ಗೊತ್ತು ನನಗೆ."

ಮೊದಲನೆಯದಕ್ಕೆ ಸಣ್ಣ ಫ್ಯಾನ್ ಇತ್ತು. ತಿರುಗುವುದೇ ಇಲ್ಲ ಎಂದು ಆಣೆ ಮಾಡಿದ. ಎಲ್ಲ ಫ್ಯಾನೂ ಒಂದು ದಿನ ತಿರುಗುತ್ತದೆ, ಬೇಡ ಅಂದೆ. ಎರಡನೆಯದು ಔಷಧಿ ಅಂಗಡಿಯ ಕೌಂಟರಿನದು, ಒಂದೇ ಕಿಂಡಿ. ಮೂರನೆಯದು ಲಾಟರಿ ಅಂಗಡಿಯಲ್ಲಿತ್ತಂತೆ. ಎರಡು ಕಿಂಡಿ, ತಣ್ಣಗೆ, ಗಟ್ಟಿ, ಸಾಬೂನು ಡಬ್ಬಿಗಿಂತ ಸ್ವಲ್ಪ ದೊಡ್ಡದು.

"ಎಂಟು ವರ್ಷ ಜನರ ನಂಬರು ನುಂಗಿದೆ," ಅಂದ ಕೆಸ್ಲರ್. "ಒಂದು ಸಲ ಕೆಮ್ಮಿಲ್ಲ."

ಕಿವಿ ಹತ್ತಿರ ಹಿಡಿದು ಕೇಳಿದೆ. ಏನೂ ಇಲ್ಲ. ಮೀಟರ್ ಹಾಕಿಸಿದೆ — ಒಂಬತ್ತು ವ್ಯಾಟ್. ಮೆಮೊರಿ ಎಷ್ಟು, ಡಿಸ್ಕ್ ಎಷ್ಟು ಹಳೆಯದು, ಅಡಾಪ್ಟರ್ ಮೂಲದ್ದೋ ಬೇರೆಯದೋ, ಎಲ್ಲ ಕೇಳಿದೆ. ಹುಡುಗಿ ನೋಡಲು ಹೋದವನಂತೆ ಎಷ್ಟು ಪ್ರಶ್ನೆ ಎಂದು ನೆಲೀ ರೇಗಿಸಿದಳು. ಅದನ್ನೇ ಇಟ್ಟುಕೊಂಡೆವು.

ಜುಲೈ 16, ಭಾನುವಾರ

ನಿನ್ನೆಯಿಂದ ಅದರ ಮುಂದೆ ಕೂತಿದ್ದೇನೆ. ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಕೆಸ್ಲರ್ ಕೊಟ್ಟಿದ್ದ. ನೆಲೀ ಪಕ್ಕದಲ್ಲೇ ಹೆಣಿಗೆ ಹಾಕುತ್ತ ಕಾವಲು. ಒಂದೊಂದು ನಿಯಮವನ್ನೂ ಅವಳಿಗೆ ಓದಿ ಹೇಳುತ್ತ ಬರೆದೆ. ನೆಲೀಯ ಲ್ಯಾಪ್‌ಟಾಪ್ — ಬಿಡು. ನೆಲೀಯ ಫೋನ್ — ಬಿಡು. ಮಿಕ್ಕದ್ದೆಲ್ಲ — ಮುಚ್ಚು. ಈ ಯಂತ್ರದ ಪೆಟ್ಟಿಗೆ ತಾನಾಗಿ ನೆಟ್‌ಗೆ ಹೋಗುವುದನ್ನೂ ಮುಚ್ಚಿದೆ. ಬಿಗಿಯಾಗಿರಲಿ ಎಂದು.

ಕೊನೆಗೆ ಪಾಸ್‌ವರ್ಡ್ ಹಾಕುವುದು ಅವಳು. ಗೋಡೆ ಕಡೆ ತಿರುಗಿ ನಿಂತೆ. ಒಂದೊಂದೇ ಅಕ್ಷರ ಒತ್ತುತ್ತಾಳೆ, ನಿಧಾನ. ಇಪ್ಪತ್ತೊಂದು ಸಲ ಒತ್ತಿದಳು. ಎಣಿಸಬಾರದಿತ್ತು.

ಈಗ ಇದನ್ನೂ ಬರೆಯಬೇಕು. ಇಲ್ಲಿ ಬರೆಯಬಾರದು, ಆದರೆ ಎಲ್ಲಿಯಾದರೂ ಇರಬೇಕಲ್ಲ. ಪಾಸ್‌ವರ್ಡ್ ಹಾಕುವ ಮುಂಚೆ, ನೆಲೀ ಅಡುಗೆಮನೆಗೆ ಹೋಗಿ ಮಾಂಸದ ಕಡುಬು ಒಲೆಯಿಂದ ತೆಗೆಯುವಷ್ಟರಲ್ಲಿ ಇನ್ನೊಂದು ನಿಯಮ ಹಾಕಿದೆ. ಹೆಸರು 'ಸಿಯೆಸ್ತಾ', ಮಧ್ಯಾಹ್ನದ ನಿದ್ದೆ. ಮಧ್ಯಾಹ್ನ ಎರಡರಿಂದ ನಾಲ್ಕು, ಒಂದು ಟ್ಯಾಬ್ಲೆಟ್‌ಗೆ ಮಾತ್ರ ದಾರಿ. ನೆಲೀ ಮರೆತುಹೋದ ಹಳೇ ಟ್ಯಾಬ್ಲೆಟ್, ಬೀರುವಿನ ಕೆಳ ಡ್ರಾಯರಿನಲ್ಲಿ ಟವೆಲ್ ಕೆಳಗಿದೆ. ಊಟವಾದ ಮೇಲೆ ಆ ಎರಡು ಗಂಟೆ ಇಡೀ ಊರು ಮಲಗುತ್ತದೆ. ನೆಲೀ ಗೊರಕೆ ಹೊಡೆಯುತ್ತಾಳೆ. ನಾಯಿಯೂ ಬೊಗಳುವುದಿಲ್ಲ.

ಲೂಪೆಯ ಒಂದು ಫೋಟೋ ನೋಡಬೇಕು. ಅಷ್ಟೇ.

ಜುಲೈ 20, ಗುರುವಾರ

ಲೇಯ್ವಾ ಮೇಡಂಗೆ ನೆಲೀ ಎಲ್ಲ ತೋರಿಸಿದಳು. ಅವರು ಬಗ್ಗಿ ಪೆಟ್ಟಿಗೆಗೆ ಕಿವಿ ಕೊಟ್ಟರು. "ಸದ್ದೇ ಇಲ್ವಲ್ಲ. ನಡೀತಿದೆಯಾ ಇದು?" ತಮ್ಮದೇ ಫೋನ್ ಸೇರಿಸಲು ನೋಡಿದರು, ಆಗಲಿಲ್ಲ. ಖುಷಿಯಾಯಿತು ಅವರಿಗೆ. ಮೊದಲ ಸಲ ಕೋಟು ಬಿಚ್ಚಿದರು.

ನಾನು ಮಾಟೆ ತುಂಬಿಕೊಡುತ್ತ ಕೂತೆ. ಥ್ಯಾಂಕ್ಸ್ ಅಂದರೆ ಇನ್ನು ಸಾಕು ಎಂದರ್ಥ, ಅಲ್ಲಿಯವರೆಗೆ ಕೊಡುತ್ತಲೇ ಇರಬೇಕಲ್ಲ, ಆರನೆಯದಕ್ಕೆ ಅಂದರು. ಹೋಗುವಾಗ ನನಗೆ, "ಒಳ್ಳೇ ಕೆಲಸ ಮಾಡಿದ್ರಿ ಓಹೇದಾ ಅವರೇ. ಇದನ್ನ ರಿಪೋರ್ಟಲ್ಲಿ ಬರೀತೀನಿ."

ನೆಲೀ ಗೇಟಿನಿಂದ ಬಂದು ನನ್ನ ತಲೆಗೂದಲು ಕೆದರಿದಳು. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ. ಊಟ ಸೇರಲಿಲ್ಲ ಇವತ್ತು.

ಜುಲೈ 25, ಮಂಗಳವಾರ. ನಾಲ್ಕೂಕಾಲು

ನೋಡಿದೆ.

ದೋಣಿ ಕ್ಲಬ್ಬಿನ ಪುಟದಲ್ಲಿ. ಎತ್ತರವಾಗಿದ್ದಾಳೆ, ಕೂದಲು ಕತ್ತರಿಸಿದ್ದಾಳೆ. ಭುಜ ನನ್ನದು. ಹುಟ್ಟು ಹಿಡಿದು ಕ್ಯಾಮೆರಾ ಕಡೆ ಸಿಡುಕುತ್ತಿದ್ದಾಳೆ, ಬಿಸಿಲಿಗೆ. ಆ ಪುಟಕ್ಕೆ ಬರುವ ಪ್ರಶ್ನೆಗಳಿಗೆ ಈಗ ಅವಳೇ ಉತ್ತರ ಬರೆಯುತ್ತಾಳಂತೆ, ಕೆಳಗೆ ಹೆಸರಿದೆ.

ಎರಡು ಗಂಟೆ ಅದೊಂದೇ ಫೋಟೋ. ದೊಡ್ಡದು ಮಾಡಿ, ಸಣ್ಣದು ಮಾಡಿ. ಹಿಂದೆ ನದಿಯೂ ಕಾಣುತ್ತದೆ.

ಆಗಸ್ಟ್ 5, ಶನಿವಾರ

ಬರೆಯುವುದಿಲ್ಲ ಎಂದುಕೊಂಡಿದ್ದೆ. ಹತ್ತು ದಿನ ತಡೆದೆ.

ಎಸ್ತೆಲಾ ಎಂದು ಹೆಸರಿಟ್ಟುಕೊಂಡೆ. ಬರೆದದ್ದು ಹೀಗೆ: 'ನಾವು ಕೋರ್ದೊಬಾದಿಂದ ಹೊಸದಾಗಿ ಈ ಊರಿಗೆ ಬಂದವರು. ನನ್ನ ಗುರೀಸಾಗೆ ಹನ್ನೆರಡು ವರ್ಷ. ನೀರೆಂದರೆ ಭಯ. ಕ್ಲಬ್ಬಿಗೆ ಸೇರಿಸಬಹುದೇ?'

ಮಾರನೇ ಮಧ್ಯಾಹ್ನ ಉತ್ತರ. 'ಸೇರಿಸಿ, ಸೆನ್ಯೋರಾ. ನನಗೂ ಭಯ ಇತ್ತು. ನಮ್ಮಪ್ಪ ಮೂರು ಭಾನುವಾರ ಮೊಣಕಾಲುದ್ದ ನೀರಲ್ಲಿ ನಿಂತು ದೋಣಿಯ ಅಂಚು ಹಿಡಿದುಕೊಂಡಿದ್ದರು. ಬಿಡಲ್ಲ ಅಂತ ಹೇಳಿ ನಾಲ್ಕನೇ ವಾರ ಬಿಟ್ಟುಬಿಟ್ಟರು.'

ಟವೆಲ್ ಬಾಯಿಗೆ ಒತ್ತಿಕೊಂಡು ಅತ್ತೆ. ಪಕ್ಕದಲ್ಲಿ ನೆಲೀ ಮಲಗಿದ್ದಾಳೆ. ನನ್ನ ಮಗಳು ನನ್ನ ಬಗ್ಗೆ ಒಳ್ಳೆಯದು ಬರೆದಿದ್ದಾಳೆ, ಯಾರೋ ಗೊತ್ತಿಲ್ಲದ ಹೆಂಗಸಿಗೆ.

ಆಗಸ್ಟ್ 9, ಬುಧವಾರ

ಎಸ್ತೆಲಾ ಕೇಳಿದಳು: ಅಪ್ಪ ಈಗಲೂ ಜೊತೆಗೆ ಬರುತ್ತಾರಾ?

'ಇಲ್ಲ. ಮನೇಲಿರ್ತಾರೆ. ಹೊರಗೆ ಬರಲ್ಲ.'

ಸುಳ್ಳು ಹೇಳಲಿಲ್ಲ ಹುಡುಗಿ. ಜೈಲು ಅನ್ನಲೂ ಇಲ್ಲ.

ಆಗಸ್ಟ್ 18, ಶುಕ್ರವಾರ

ದಿನವೆಂದರೆ ಈಗ ಎರಡು ಗಂಟೆ. ಮಿಕ್ಕ ಇಪ್ಪತ್ತೆರಡು ಅದಕ್ಕೆ ಕಾಯುವುದು. ಊಟಕ್ಕೆ ಕೂತರೆ ನೆಲೀ ಯಾಕಿನ್ನೂ ಮಲಗಲು ಹೋಗಿಲ್ಲ ಎಂದು ಕಣ್ಣು ಗಡಿಯಾರದ ಮೇಲೆ. ನಿನ್ನೆ ಅವಳು ಕುಂಬಳಕಾಯಿ ಸಿಹಿ ಮಾಡಿ ಮಾತಾಡುತ್ತ ಕೂತಳು. ಅವಳ ಮೇಲೇ ಸಿಟ್ಟು ಬಂತು. ನನ್ನ ಬಟ್ಟೆ ಒಗೆಯುವವಳ ಮೇಲೆ.

ಇವತ್ತು ಲೂಪೆ ಬರೆದದ್ದು: 'ನಮ್ಮ ಹಳೇ ಮನೇಲಿ ಒಂದು ಪೆಟ್ಟಿಗೆ ಇತ್ತು ಸೆನ್ಯೋರಾ, ನಾವು ಬರೆದದ್ದೆಲ್ಲ ಅದು ಅಪ್ಪನಿಗೆ ಹೇಳ್ತಿತ್ತು. ಈಗ ಇಲ್ಲ. ಆದರೂ ಗೆಳತಿಗೆ ಏನಾದರೂ ಬರೆದರೆ ಅಳಿಸಿ ಇನ್ನೊಮ್ಮೆ ಬರೀತೀನಿ, ಯಾರು ಓದಿದರೂ ಪರವಾಗಿಲ್ಲ ಅನ್ನೋ ಥರ.'

ಇದು ಅನಾಲಿಯಾ ಹೇಳಿಕೊಟ್ಟ ಮಾತು. ಹದಿನೈದರ ಹುಡುಗಿಗೆ ಹೀಗೆ ಬರೆಯಲು ಬರುವುದಿಲ್ಲ.

ನಾನು ಓದಿದ್ದು ಅವಳ ಅಮ್ಮನದು. ಲೂಪೆಯದನ್ನು... ಒಂದೆರಡು ಸಲ ಕಣ್ಣಿಗೆ ಬಿದ್ದಿರಬಹುದು.

ಆಗಸ್ಟ್ 23, ಬುಧವಾರ

'ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಸೆನ್ಯೋರಾ. ಮಗಳನ್ನೂ ಕರಕೊಂಡು ಬನ್ನಿ. ನಾನು ದಡದಲ್ಲೇ ಇರ್ತೀನಿ.'

ಬರುತ್ತೇವೆ ಎಂದು ಬರೆದೆ. ಯಾಕೆ ಬರೆದೆ?

ಆಗಸ್ಟ್ 26, ಶನಿವಾರ

ಒಂಬತ್ತೂವರೆಗೆ ಶೂ ಹಾಕಿಕೊಂಡೆ. ಮೂರು ತಿಂಗಳಲ್ಲಿ ಮೊದಲ ಸಲ. ನೆಲೀ ಪಾಠದಲ್ಲಿದ್ದಳು.

ಹತ್ತನೇ ಹೆಜ್ಜೆಗೆ ಪಟ್ಟಿ ಗುಂಯ್ ಅಂದಿತು. ನಿಂತೆ. ಗೇಟಿನಾಚೆ ಕಹಿಕಿತ್ತಳೆ ಮರ, ಅದರಾಚೆ ಇಳಿಜಾರು ಬೀದಿ. ಓಡಿದರೆ ಆರು ನಿಮಿಷ. ಅವಳ ಮುಖ ನೋಡಿ, ಪೊಲೀಸರು ಹಿಡಿದುಕೊಂಡು ಹೋದರೆ ಹೋಗಲಿ... ಹತ್ತಕ್ಕೆ ಹಡಗೊಂದು ಕೂಗಿತು. ಒಳಗೆ ಬಂದು ಶೂ ಬಿಚ್ಚಿದೆ.

ಮಧ್ಯಾಹ್ನ ಕ್ಲಬ್ಬಿನ ಪುಟದಲ್ಲಿ ಬೆಳಗಿನ ವಿಡಿಯೋ. ಸದ್ದು ಹೆಚ್ಚಿಸಿ ಕಿವಿಗಿಟ್ಟುಕೊಂಡೆ. ಅವಳು ಯಾರಿಗೋ ನಗುತ್ತಾಳೆ, ಒಂದೇ ಸಲ. ಮೂವತ್ತು ನಲವತ್ತು ಸಲ ಕೇಳಿರಬೇಕು.

ಆಗಸ್ಟ್ 30, ಬುಧವಾರ. ರಾತ್ರಿ ಒಂಬತ್ತು ಗಂಟೆ

ಸಾಂತಾ ರೋಸಾ ಹಬ್ಬದ ದಿನಕ್ಕೆ ಬರುತ್ತದೆನ್ನುವ ಮಳೆ ಈ ಸಲ ತಾರೀಖು ತಪ್ಪಲಿಲ್ಲ. ಮಧ್ಯಾಹ್ನವೇ ಕತ್ತಲೆ, ಗುಡುಗು, ಆಲಿಕಲ್ಲು. ಒಂದೂವರೆಗೆ ಕರೆಂಟ್ ಹೋಯಿತು, ನನ್ನ ಎರಡು ಗಂಟೆಯೂ ಅದರ ಜೊತೆಗೇ. ಎಂಟೂ ನಲವತ್ತಕ್ಕೆ ಬಂತು. ಬೀದಿಯಿಡೀ ಚಪ್ಪಾಳೆ. ಪೆಟ್ಟಿಗೆ ತಾನೇ ಎದ್ದು ಕೂತಿತು, ಹಸಿರು ದೀಪ, ಸದ್ದಿಲ್ಲ. ನೆಲೀಯ ಲ್ಯಾಪ್‌ಟಾಪಿಗೆ ನೆಟ್ ಬಂತು. ಒಳ್ಳೆಯ ಯಂತ್ರ ಆರಿಸಿದೆ ಎಂದು ಹೊಗಳಿದಳು.

ಆಗಸ್ಟ್ 31, ಗುರುವಾರ

ಹೇಗಾಯಿತೋ ಹಾಗೇ ಬರೆಯುತ್ತೇನೆ.

ಲೇಯ್ವಾ ಹತ್ತೂವರೆಗೆ ಬಂದರು. ಬೀರುವಿನ ಪಕ್ಕದ ಕುರ್ಚಿ. ನಾನು ಮಾಟೆ ತುಂಬಿದೆ. ನೆಲೀ ಪಾಠ ಮುಗಿಸಿ ಬಂದು ಕೂತಳು. ಮಳೆ ಬಗ್ಗೆ ಮಾತು, ಯಾರದೋ ಮನೆಯ ತಗಡು ಹಾರಿದ್ದು. ಹತ್ತೂ ನಲವತ್ತಕ್ಕೆ ಡ್ರಾಯರಿನೊಳಗೆ ಟಿಣ್ ಅಂದಿತು. ಇನ್ನೊಮ್ಮೆ. ಮತ್ತೆ ಇನ್ನೊಮ್ಮೆ.

ಲೇಯ್ವಾ ಕೈಯಲ್ಲಿದ್ದ ಬುರುಡೆ ಮೇಜಿನ ಮೇಲಿಟ್ಟರು. "ಅದೇನು?"

ನೆಲೀ ನನ್ನನ್ನು ನೋಡಿದಳು — ಒಂದೇ ಸಲ — ಅಷ್ಟರಲ್ಲೇ ಎಲ್ಲ ತಿಳಿಯಿತು ಅವಳಿಗೆ.

"ನನ್ನ ಟ್ಯಾಬ್ಲೆಟ್," ಅಂದಳು. "ಪುಟ್ಟ ಮಕ್ಕಳಿಗೆ ಚಿತ್ರ ತೋರಿಸೋಕೆ ಇಟ್ಟಿರೋದು. ಅವರಮ್ಮಂದಿರು ಮೆಸೇಜ್ ಹಾಕ್ತಾನೇ ಇರ್ತಾರೆ."

"ಇವರ ಕೋಣೇಲಿ?"

"ಟವೆಲ್ ಇಲ್ಲೇ ಇಡೋದು ಮೇಡಂ, ಅದರ ಜೊತೆ ಬಂದುಬಿಟ್ಟಿದೆ. ಬುದ್ಧಿ ಇಲ್ಲ ನನಗೆ. ಇವತ್ತೇ ತೆಗೀತೀನಿ."

ಲೇಯ್ವಾ ಏನೋ ಬರೆದುಕೊಂಡರು. ಕೋಟು ಹಾಕಿಕೊಂಡೇ ಇನ್ನೊಂದು ಕುಡಿದು ಹೋದರು.

ನೆಲೀ ಗೇಟು ಹಾಕಿ ಬಂದಳು. ಡ್ರಾಯರ್ ಎಳೆದಳು, ಟವೆಲ್‌ಗಳನ್ನು ಒಂದೊಂದಾಗಿ ಮಂಚದ ಮೇಲಿಟ್ಟಳು. ಓದಿದಳು. ಆಮೇಲೆ ಗಟ್ಟಿಯಾಗಿ ಓದಿದಳು, ಮಕ್ಕಳಿಗೆ ಓದುವಂತೆ, ಒಂದು ಅಕ್ಷರವೂ ಮಸುಕಾಗದ ಹಾಗೆ:

'ಅಪ್ಪಾ, ನೀನು ಶನಿವಾರ ಬರಲಿಲ್ಲ. ಒಳ್ಳೇದಾಯ್ತು. ಬಂದಿದ್ರೆ ಕಿರುಚಿಬಿಡ್ತಿದ್ದೆ, ಇಲ್ಲಾ ತಬ್ಬಿಕೊಳ್ತಿದ್ದೆ, ಗೊತ್ತಿಲ್ಲ.

ಕೋರ್ದೊಬಾದ ಹೆಂಗಸು ಯಾರೂ ಮಗಳನ್ನ ಗುರೀಸಾ ಅನ್ನಲ್ಲ. ಹುಡುಗಿ ಅನ್ನೋಕೆ ಅದು ನಮ್ಮ ನದಿ ಕಡೆ ಮಾತು. ಮೊದಲ ದಿನವೇ ಗೊತ್ತಾಯ್ತು. ನನಗೂ ಮಾತಾಡ್ಬೇಕು ಅನ್ನಿಸ್ತು, ಅದಕ್ಕೇ ಸೆನ್ಯೋರಾ ಸೆನ್ಯೋರಾ ಅಂತ ಬರೆದೆ. ಪೆಟ್ಟಿಗೆ ವಿಷಯ ಬರೆದ್ರೆ ನೀನು ನಿಲ್ಲಿಸ್ತೀಯ ಅಂದ್ಕೊಂಡೆ. ನಿಲ್ಲಿಸ್ಲಿಲ್ಲ.

ಈಗ ಅಮ್ಮನ ಮುಖ ನೋಡೋಕಾಗ್ತಿಲ್ಲ. ನಾನು ಹೇಳಿದ್ರೆ ನಿನ್ನನ್ನ ಮತ್ತೆ ಒಳಗೆ ಹಾಕ್ತಾರೆ. ಹೇಳದಿದ್ರೆ ನಾನೂ ನಿನ್ನ ಥರಾನೇ. ನೀನೇ ಅವರಿಗೆ ಹೇಳು. ಭಾನುವಾರದವರೆಗೆ ಕಾಯ್ತೀನಿ.'

ನೆಲೀ ಟ್ಯಾಬ್ಲೆಟ್ ಮೇಜಿನ ಮೇಲೆ ಕವುಚಿಟ್ಟಳು. ಏನು ಮಾಡಬೇಕೋ ತಿಳಿಯದೆ ಮಾಟೆ ತುಂಬಿ ಕೊಟ್ಟೆ. ನಿಂತೇ ಕುಡಿದಳು. ಬುರುಡೆ ನನ್ನ ಕೈಗಿಟ್ಟು, "ಥ್ಯಾಂಕ್ಸ್," ಅಂದಳು.

ಮೊದಲನೆಯದಕ್ಕೇ. ನಾನು ಈ ಮನೆಗೆ ಬಂದಾಗಿನಿಂದ ದಿನಾ ಹತ್ತು ಹನ್ನೆರಡು ಕುಡಿಯುತ್ತಿದ್ದವಳು.

ಸೆಪ್ಟೆಂಬರ್ 1, ಶುಕ್ರವಾರ

ಕೆಸ್ಲರ್‌ನನ್ನು ಕರೆಸಿದಳು. ಇಬ್ಬರೂ ಕೂತು ನಿಯಮಗಳನ್ನು ಒಂದೊಂದಾಗಿ ತೆಗೆದರು. ನಾನು ಅಂಗಳದಲ್ಲಿ ಇರಬೇಕೆಂದು ಅವಳ ಆಜ್ಞೆ. ಕಿಟಕಿಯಿಂದ ಕೇಳುತ್ತಿತ್ತು.

"ಇದೇನಿದು, ಸಿಯೆಸ್ತಾ?"

"ಅಳಿಸಿ," ಅಂದಳು.

ಸಾಮಾನು ಹೊತ್ತು ಹೊರಗೆ ಬಂದ ಕೆಸ್ಲರ್ ಪೆಟ್ಟಿಗೆಯಿಂದ ತೆಗೆದ ಕಾಸಿನಷ್ಟಗಲದ ಬಟನ್ ಸೆಲ್ ತೋರಿಸಿದ. "ಸತ್ತು ಎಷ್ಟು ವರ್ಷ ಆಗಿತ್ತೋ. ಕರೆಂಟ್ ಹೋದ್ರೆ ಗಂಟೆ ಮರೆತುಬಿಡುತ್ತೆ, ಬಂದಾಗ ಸೊನ್ನೆಯಿಂದ ಶುರು. ನೆಟ್‌ನಲ್ಲಿ ಟೈಮ್ ಕೇಳೋ ದಾರಿನೂ ನೀನೇ ಮುಚ್ಚಿದ್ದೆ. ಅಷ್ಟೆಲ್ಲ ಕೇಳಿದೆ ಅವತ್ತು, ಇದನ್ನ ಕೇಳಲಿಲ್ಲವಲ್ಲಪ್ಪ."

ಕೇಳಲಿಲ್ಲ. ರಾತ್ರಿ ಎಂಟೂ ನಲವತ್ತು ಅದಕ್ಕೆ ನಡುರಾತ್ರಿ. ಹಾಗಾಗಿ ಅದರ ಮಧ್ಯಾಹ್ನ ಎರಡು ಗಂಟೆ ಬಂದದ್ದು ನಮ್ಮ ಬೆಳಗಿನ ಹತ್ತೂ ನಲವತ್ತಕ್ಕೆ. ಹೊಸಬ ಹುಡುಗನೂ ಮೊದಲು ಆ ಸೆಲ್ ಬದಲಿಸುತ್ತಾನೆ. ಇಪ್ಪತ್ತು ವರ್ಷದ ಕಸುಬು... ಇಂಥ ಹೊತ್ತಿನಲ್ಲೂ ಈ ಅವಮಾನ ಒಂದು ಕಡೆ ಚುಚ್ಚುತ್ತಿದೆ. ಅಂಥ ಮನುಷ್ಯ ನಾನು.

ಸೆಪ್ಟೆಂಬರ್ 2, ಶನಿವಾರ

ಬೆಳಗಿನಿಂದ ಲೆಕ್ಕಾಚಾರ. ಲೂಪೆ ಹೇಳಲಾರಳು, ಸುಮ್ಮನೆ ಹೆದರಿಸಿದ್ದಾಳೆ. ಹೇಳಿದರೂ ಎಸ್ತೆಲಾ ನಾನೇ ಎಂದು ಯಾರು ಸಾಬೀತು ಮಾಡುತ್ತಾರೆ? ಟ್ಯಾಬ್ಲೆಟ್ ನೆಲೀಯದು. ಲೈನ್ ನೆಲೀಯದು...

ಇಲ್ಲಿಗೆ ಬಂದು ನಿಂತೆ. ಎಲ್ಲ ನೆಲೀಯದು. ನನ್ನನ್ನು ಉಳಿಸಿಕೊಳ್ಳುವ ಪ್ರತಿ ದ್ವಾರವೂ ಅವಳ ಮೇಲೆ ತೆರೆದುಕೊಳ್ಳುತ್ತದೆ. ಸಹಿ ಅವಳದು, ಸುಳ್ಳೂ ಅವಳದೇ. ಅನಾಲಿಯಾ ದೂರು ಕೊಟ್ಟರೆ ಲೇಯ್ವಾ ಮೊದಲು ತೆರೆಯುವುದು ಗುರುವಾರ ಬರೆದುಕೊಂಡ ಪುಟ. ತಪ್ಪಿತಸ್ಥನಿಗೆ ರಕ್ಷಣೆ ಕೊಟ್ಟವಳು ಎಂದು ಕೇಸು ಬಿದ್ದರೆ, ಅವಳ ಬಳಿ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ?

ಮಧ್ಯಾಹ್ನ ಅವಳೂ ಮಲಗಲಿಲ್ಲ. ಅಡುಗೆಮನೆಯಲ್ಲಿ ಕೂತಿದ್ದಳು. ಹೋಗಿ ಬಾಗಿಲಲ್ಲಿ ನಿಂತೆ.

"ನೀನು ಹೇಳ್ತೀಯಾ ಲೇಯ್ವಾಗೆ?"

"ಇಲ್ಲ."

"ಯಾಕೆ?"

"ನಾನು ಹೇಳಿದ್ರೆ ನಿನಗೆ ಅನುಕೂಲ. ಆಮೇಲೆ ಇಡೀ ಜನ್ಮ ಅಕ್ಕ ಹಿಡಿದುಕೊಟ್ಟಳು ಅಂತ ಹೇಳ್ಕೊಂಡು ತಿರುಗ್ತೀಯ. ಅನಾಲಿಯಾ ಬಗ್ಗೆ ಹೇಳ್ಕೊಂಡು ಬಂದ ಹಾಗೆ." ಆಮೇಲೆ ಅಂದಳು, "ಗುರುವಾರ ಯಾಕೆ ಸುಳ್ಳು ಹೇಳಿದೆ ಅಂತ ನಂಗೇ ಗೊತ್ತಿಲ್ಲ ಕಣೋ. ಬಾಯಿಗೆ ಬಂತು. ಮೂವತ್ತು ವರ್ಷದಿಂದ ಮಕ್ಕಳಿಗೆ ಬಾಯಿ ತಿದ್ದೋದು ಕಲಿಸ್ತೀನಿ, ನನ್ನ ಬಾಯಿ ನೋಡು."

ಅವಳು ಅಳುವುದನ್ನು ಅಪ್ಪ ಸತ್ತಾಗ ನೋಡಿದ್ದೆ. ಆಮೇಲೆ ಇವತ್ತೇ.

ಸೆಪ್ಟೆಂಬರ್ 3, ಭಾನುವಾರ. ಮಧ್ಯಾಹ್ನ ಮೂರು

ಬೀದಿ ಮಲಗಿದೆ. ಬ್ಯಾಗಿಗೆ ಎರಡು ಅಂಗಿ, ಹಲ್ಲುಜ್ಜುವ ಬ್ರಷ್, ದಪ್ಪ ಸಾಕ್ಸ್ ಹಾಕಿದೆ. ಜೈಲಿನೊಳಗೆ ಈ ತಿಂಗಳಲ್ಲೂ ನೆಲ ಕೊರೆಯುತ್ತದೆ.

ಲೇಯ್ವಾಗೆ ಫೋನ್ ಮಾಡಲು ನೆಲೀಯದನ್ನು ಕೇಳಿದೆ. ಕೊಡಲಿಲ್ಲ, "ನೀನು ಮುಟ್ಟೋ ಹಾಗಿಲ್ಲ, ನಾನೇ ಒತ್ತಿ ಸ್ಪೀಕರ್ ಹಾಕ್ತೀನಿ" ಅಂದಳು. ಸರಿಯೇ.

"ಭಾನುವಾರ ಈ ಹೊತ್ತಲ್ಲಿ ಎತ್ತುತ್ತಾರಾ?"

"ಎತ್ತೋವರೆಗೂ ಮಾಡೋಣ."

ಹೇಳಬೇಕಾದ್ದನ್ನು ಮೊದಲು ಬರೆದುಕೊಳ್ಳುತ್ತಿದ್ದೇನೆ, ನೋಡಿಕೊಂಡು ಓದುತ್ತೇನೆ. ಇಲ್ಲವಾದರೆ ಬಣ್ಣ ಹಚ್ಚುತ್ತೇನೆ, ನನಗೇ ಗೊತ್ತು.

'ಲೇಯ್ವಾ ಮೇಡಂ, ನಾನು ಫೆರ್ಮೀನ್ ಓಹೇದಾ. ಗುರುವಾರ ಡ್ರಾಯರಿನಲ್ಲಿ ಸದ್ದು ಮಾಡಿದ್ದು ನಾನು ಬಚ್ಚಿಟ್ಟ ಟ್ಯಾಬ್ಲೆಟ್. ಪೆಟ್ಟಿಗೆಯಲ್ಲಿ ನನಗಾಗಿ ದಾರಿ ಬಿಟ್ಟುಕೊಂಡದ್ದು ನಾನು. ಅಕ್ಕನಿಗೆ ಗೊತ್ತಿರಲಿಲ್ಲ, ಹೆದರಿ ತನ್ನದು ಅಂದಳು. ಸುಳ್ಳು ಹೆಸರಿನಲ್ಲಿ ಒಂದು ತಿಂಗಳು ಮಗಳಿಗೆ ಬರೆದೆ. ಅವಳು ಏನೂ ತಪ್ಪು ಮಾಡಿಲ್ಲ. ಇದಕ್ಕೂ ಮುಂಚೆ ಮೂರು ವರ್ಷ ಹೆಂಡತಿಯ ಪ್ರತಿ ಮಾತನ್ನೂ ಓದಿದ್ದೇನೆ. ಮಗಳದನ್ನೂ. ಒಂದೆರಡು ಸಲ ಅಲ್ಲ. ದಿನಾ.'

ಬರೆದು ನೋಡಿದರೆ ಇಷ್ಟೇ ಇದೆ. ಉಸಿರು ಬಿಡದೆ ಓದಿ ಮುಗಿಸಬಹುದು.

ಲೂಪೆಗೆ ಒಂದು ಮಾತು ಮುಟ್ಟಿಸಿ ಎಂದು ಕೊನೆಗೆ ಕೇಳಬೇಕು. ಮುಟ್ಟಿಸುವುದೂ ಬಿಡುವುದೂ ಅವರಿಷ್ಟ, ಓದುವುದೂ ಬಿಡುವುದೂ ಅವಳಿಷ್ಟ. ಅದೊಂದು ಸಾಲು ಇನ್ನೂ ಬಂದಿಲ್ಲ. ಮೂರು ಸಲ ಬರೆದು ಹೊಡೆದುಹಾಕಿದೆ, ಮೂರರಲ್ಲೂ ನನ್ನ ಬಗ್ಗೆಯೇ ಇತ್ತು.

ನೆಲೀ ನಂಬರ್ ಒತ್ತಿ ಫೋನನ್ನು ಮೇಜಿನ ನಡುವೆ ಇಟ್ಟಳು. ರಿಂಗ್ ಆಗುತ್ತಿದೆ. ಒಂದು... ಎರಡು...

ಲೂಪೆ, ನೀನು ಇನ್ನು ಮೇಲೆ ಏನೇ ಬರೆದರೂ ಅಳಿಸಬೇಕಿಲ್ಲ —